ಜೋಮು ಅಂದರೆ ಯಾವ ಜೋಮು? ಸ್ಪರ್ಶ ಕಳೆದುಕೊಂಡ ಎರಡು ಪಾದಗಳ ಪ್ರಕರಣ

ಹೊಲಿಗೆ ಯಂತ್ರದ ಸೂಜಿಯ ಮುರಿದ ತುದಿ ಅವರ ಬಲ ಅಂಗಾಲಿನಲ್ಲಿ ಎರಡು ದಿನ ಇತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಆ ಎರಡು ದಿನವೂ ಎಂದಿನಂತೆ ಓಡಾಡಿದ್ದರು, ಹೊಲಿದಿದ್ದರು, ಚೆನ್ನಾಗಿ ನಿದ್ದೆಯನ್ನೂ ಮಾಡಿದ್ದರು. ಮೂರನೇ ದಿನ ಬೆಳಿಗ್ಗೆ ಹಾಸಿಗೆ ಮೇಲೆ ರಕ್ತದ ಕಲೆ ಕಂಡು ಮಗಳು ಅವರ ಪಾದ ಎತ್ತಿ ನೋಡಿದರು. ಲೋಹದ ಚೂರು ಚರ್ಮದ ಮಟ್ಟದಲ್ಲೇ ಮಿನುಗುತ್ತಿತ್ತು. ಸುತ್ತಲೂ ಕೆಂಪಾಗಿ ಬಿಸಿಯಾಗಿತ್ತು.

ನಾನು ಫಿಸಿಯೋಥೆರಪಿಸ್ಟ್. ಗಾಯ ಮಾಗಿದ ಮೇಲೆ ಅವರು ನನ್ನ ಬಳಿ ಬಂದರು. ಕೈಯಲ್ಲಿದ್ದ ಚೀಟಿಯಲ್ಲಿ ನಡಿಗೆ ಸರಿಪಡಿಸಿ ಎಂದಷ್ಟೇ ಬರೆದಿತ್ತು. ಮುಂದಿನ 14 ತಿಂಗಳಲ್ಲಿ ನಡೆದದ್ದನ್ನು ಅವರ ಒಪ್ಪಿಗೆಯಿಂದ, ಗುರುತು ಸಿಗುವ ವಿವರ ಬಿಟ್ಟು ಇಲ್ಲಿ ಬರೆಯುತ್ತಿದ್ದೇನೆ. ಪಾದದ ಸ್ಪರ್ಶ ಹೋದವರು ಪರಿಹಾರ ಹುಡುಕುತ್ತಾ ಎಲ್ಲೆಲ್ಲಿ ದಾರಿ ತಪ್ಪುತ್ತಾರೆ ಅನ್ನುವುದು ಈ ಒಂದೇ ಪ್ರಕರಣದಲ್ಲಿ ಕಾಣುತ್ತದೆ.

ಹಿನ್ನೆಲೆ

ಅವರಿಗೆ 62 ವರ್ಷ. ಮೂವತ್ತು ವರ್ಷದಿಂದ ಹೊಲಿಗೆಯೇ ಕೆಲಸ. 11 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್, ದಿನಕ್ಕೆ 2 ಗ್ರಾಂ. ಎದೆಯುರಿಗೆ ಅಂತ ಆಮ್ಲ ತಗ್ಗಿಸುವ ಮಾತ್ರೆಯನ್ನೂ ಆರು ವರ್ಷದಿಂದ ದಿನಾ ನುಂಗುತ್ತಿದ್ದರು. ಆ ಎರಡನೇ ಮಾತ್ರೆಯ ಬಗ್ಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವರೂ ಅದನ್ನು ಔಷಧಿ ಎಂದು ಎಣಿಸಿರಲಿಲ್ಲ.

ತೊಂದರೆ ಶುರುವಾಗಿ ಎರಡು ವರ್ಷದ ಮೇಲಾಗಿತ್ತು. ಮೊದಲು ಚಪ್ಪಲಿ ಕಾಲಿನಿಂದ ಜಾರಿ ಹೋದರೂ ಗೊತ್ತಾಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಹಿಂದಿನಿಂದ ಯಾರಾದರೂ ಹೇಳಬೇಕಿತ್ತು. ಆಮೇಲೆ ಹತ್ತಿಯ ಮೇಲೆ ನಡೆದಂತೆ ಅನಿಸತೊಡಗಿತು. ರಾತ್ರಿ ಬೆರಳುಗಳಲ್ಲಿ ಇರುವೆ ಹರಿದಂತೆ ಆಗುತ್ತಿತ್ತು. ಕೊನೆಗೆ ಹೊಲಿಗೆ ಯಂತ್ರದ ಪೆಡಲ್ ಮೇಲೆ ಕಾಲು ಎಲ್ಲಿದೆ ಅಂತ ಬಗ್ಗಿ ನೋಡಿಕೊಳ್ಳುವ ಪರಿಸ್ಥಿತಿ ಬಂತು.

ಒಂದೇ ಮಾತಿಗೆ ಎರಡು ಅರ್ಥ

ಮೊದಲ ದಿನ ಅವರು ಹೇಳಿದ್ದು ಹೀಗೆ: "ಕಾಲು ಜೋಮು ಹಿಡಿದೇ ಇರುತ್ತೆ ಕಣಪ್ಪಾ. ಮಾತ್ರೆ ತಗೊಂಡೂ ತಗೊಂಡೂ ಸಾಕಾಯ್ತು."

ಹಿಂದೆ ನೋಡಿದ್ದ ವೈದ್ಯರಿಗೂ ಅವರು ಇದೇ ಮಾತು ಹೇಳಿದ್ದರು. ವೈದ್ಯರು ಅದನ್ನು ಜುಮುಜುಮು, ಚುಚ್ಚುವಿಕೆ ಎಂದು ತಿಳಿದು ಪ್ರಿಗಬಾಲಿನ್ ಬರೆದುಕೊಟ್ಟಿದ್ದರು. ಅವರನ್ನು ದೂರುವಂತಿಲ್ಲ. ಜೋಮು ಅನ್ನುವುದನ್ನು ನಾವು ಎರಡಕ್ಕೂ ಬಳಸುತ್ತೇವೆ. ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಕಾಲು ಮರದ ತುಂಡಿನಂತೆ ಇರುತ್ತದಲ್ಲ, ಅದೂ ಜೋಮು. ಆಮೇಲೆ ರಕ್ತ ಓಡಿದಾಗ ಜುಮುಗುಟ್ಟುತ್ತದಲ್ಲ, ಅದೂ ಜೋಮು.

ನರದ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ. ಉರಿ, ಚುಚ್ಚುವಿಕೆ, ಜುಮುಜುಮು ಬರುವುದು ಹಾನಿಯಾದ ನರ ಕಾರಣವಿಲ್ಲದೆ ಸಂಕೇತ ಕಳಿಸುವುದರಿಂದ. ಮರಗಟ್ಟುವುದು ನರ ಸಂಕೇತವನ್ನೇ ಕಳಿಸದೆ ಇರುವುದರಿಂದ. ಪ್ರಿಗಬಾಲಿನ್, ಗ್ಯಾಬಪೆಂಟಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಎಲ್ಲವೂ ಮೊದಲನೆಯದಕ್ಕೆ ಇರುವ ಔಷಧಿಗಳು. ಬೇಡದ ಸಂಕೇತದ ಸದ್ದನ್ನು ಅವು ತಗ್ಗಿಸುತ್ತವೆ. ಉರಿಯಿಂದ ನಿದ್ದೆಯಿಲ್ಲದವರಿಗೆ ಅವು ನಿಜಕ್ಕೂ ದೊಡ್ಡ ಆಸರೆ. ಆದರೆ ಹೋದ ಸ್ಪರ್ಶವನ್ನು ಅವು ವಾಪಸ್ ತರುವುದಿಲ್ಲ. ಒಂದೇ ಪಾದದಲ್ಲಿ ಎರಡೂ ಇರಬಹುದು. ಅದೇ ಗೊಂದಲಕ್ಕೆ ಕಾರಣ.

ನಾನು ಬಿಡಿಸಿ ಕೇಳಿದೆ. "ಅಮ್ಮಾ, ಉರಿ, ಚುಚ್ಚೋದು ಎಷ್ಟಿದೆ? ಏನೂ ಗೊತ್ತಾಗದೇ ಇರೋದು ಎಷ್ಟಿದೆ?" ಅವರು ತುಂಬಾ ಹೊತ್ತು ಯೋಚಿಸಿದರು. "ಇರುವೆ ಹರಿದಂಗೆ ಆಗೋದು ರಾತ್ರಿ ಸ್ವಲ್ಪ. ನನ್ನನ್ನ ತಿಂತಿರೋದು ಗೊತ್ತಾಗದೇ ಇರೋದು. ಕಾಲು ನಂದು ಅಂತ್ಲೇ ಅನ್ಸಲ್ಲ."

ಅಂದರೆ ಅವರ ಮುಖ್ಯ ತೊಂದರೆಗೆ ಹತ್ತು ತಿಂಗಳಿಂದ ಯಾವ ಔಷಧಿಯೂ ನಡೆದಿರಲಿಲ್ಲ. ನಡೆದದ್ದು ಅಡ್ಡಪರಿಣಾಮ ಮಾತ್ರ. ಪ್ರಿಗಬಾಲಿನ್‌ನಿಂದ ಕೆಲವರಿಗೆ ಮಂಪರು ಬರುತ್ತದೆ, ಪಾದ ಊದುತ್ತದೆ. ಇವರಿಗೆ ಎರಡೂ ಆಗಿದ್ದವು. ಮಂಪರಿನಲ್ಲಿ ಒಮ್ಮೆ ಬಿದ್ದಿದ್ದರು. ಊದಿದ ಪಾದಕ್ಕೆ ಚಪ್ಪಲಿ ಪಟ್ಟಿ ಬಿಗಿಯಾಗಿ ಒತ್ತಿ ಗೀರು ಬಿದ್ದಿತ್ತು, ಅದೂ ಅವರ ಅರಿವಿಗೆ ಬಂದಿರಲಿಲ್ಲ. ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು. ಬರೆದ ವೈದ್ಯರಿಗೇ ನಾನು ಪತ್ರ ಬರೆದೆ. ಅವರು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು.

ಪಾದ ಹೇಳಿದ್ದು

ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಮೊನೊಫಿಲಮೆಂಟ್ ಅಂತ ಒಂದು ನೈಲಾನ್ ಎಳೆ ಇದೆ. ಚರ್ಮಕ್ಕೆ ಒತ್ತಿದಾಗ ಸರಿಯಾಗಿ 10 ಗ್ರಾಂ ಬಲಕ್ಕೆ ಬಾಗುತ್ತದೆ. ಇಷ್ಟು ಒತ್ತಡವೂ ಗೊತ್ತಾಗದಿದ್ದರೆ ಆ ಪಾದಕ್ಕೆ ತನ್ನನ್ನು ತಾನು ಕಾಯುವ ಶಕ್ತಿ ಹೋಗಿದೆ ಎಂದು ಅರ್ಥ. (ಇದರ ಮೂಲ ಹಳೆಯದು. 1890ರ ದಶಕದಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಫ್ರೈ ಕುದುರೆ ಕೂದಲಿನಿಂದ ಸ್ಪರ್ಶ ಅಳೆಯುತ್ತಿದ್ದರು.) ಕಣ್ಣು ಮುಚ್ಚಿಸಿ ಪ್ರತಿ ಪಾದದಲ್ಲಿ ಹತ್ತು ಕಡೆ ಮುಟ್ಟಿಸಿದೆ. ಬಲಗಾಲಿನಲ್ಲಿ ಎರಡು ಕಡೆ, ಎಡಗಾಲಿನಲ್ಲಿ ಮೂರು ಕಡೆ ಮಾತ್ರ ಗೊತ್ತಾಯಿತು. ಬೆರಳುಗಳಲ್ಲಿ ಒಂದೂ ಇಲ್ಲ.

128 ಹರ್ಟ್ಜ್ ಟ್ಯೂನಿಂಗ್ ಫೋರ್ಕ್ ಬಡಿದು ಹೆಬ್ಬೆರಳ ಮೇಲಿಟ್ಟರೆ ಕಂಪನ ಗೊತ್ತಾಗಲಿಲ್ಲ. ಕಣಕಾಲ ಗಿಣ್ಣಿನ ಮೇಲೂ ಇಲ್ಲ. ಮೊಣಕಾಲಿನಲ್ಲಿ ಇತ್ತು. ಹಿಮ್ಮಡಿ ಮೇಲಿನ ಸ್ನಾಯುರಜ್ಜು ತಟ್ಟಿದರೆ ಪಾದ ಜಿಗಿಯಲಿಲ್ಲ. ಪಾದದ ನಾಡಿ ಮಾತ್ರ ಎರಡೂ ಕಡೆ ಚೆನ್ನಾಗಿ ಸಿಕ್ಕಿತು. ರಕ್ತ ಸಂಚಾರ ಸರಿಯಿದೆ, ತೊಂದರೆ ನರದ್ದೇ.

ಮರಗಟ್ಟಿದ್ದು ಎರಡೂ ಕಾಲಿನಲ್ಲಿ ಕಾಲುಚೀಲ ಹಾಕಿದಂತೆ ಮೀನಖಂಡದ ನಡುವಿನವರೆಗೆ ಇತ್ತು. ಯಾಕೆ ಹೀಗೆ? ಬೆರಳ ತುದಿಯ ಸ್ಪರ್ಶ ಹೊರುವ ನರಕೋಶ ಸೊಂಟದ ಬಳಿ ಬೆನ್ನುಮೂಳೆಯ ಪಕ್ಕದಲ್ಲಿ ಕೂತಿರುತ್ತದೆ. ಅಲ್ಲಿಂದ ಬೆರಳಿನವರೆಗೆ ಸುಮಾರು ಒಂದು ಮೀಟರ್ ಉದ್ದದ ಎಳೆ. ಆ ಇಡೀ ಉದ್ದಕ್ಕೂ ಬೇಕಾದ ಸಾಮಗ್ರಿಯೆಲ್ಲ ಹೆಚ್ಚಾಗಿ ಆ ಒಂದು ಕೋಶದಿಂದಲೇ ಸಾಗಬೇಕು. ದೇಹದಲ್ಲಿ ಏನೇ ಕೊರತೆ, ಏನೇ ವಿಷ ಬಂದರೂ ಹೆಚ್ಚಿನ ಸಲ ಉದ್ದನೆಯ ಎಳೆಯ ತುದಿಯೇ ಮೊದಲು ಸೋಲುತ್ತದೆ. ಹಾಗಾಗಿ ಬೆರಳಿನಿಂದ ಶುರುವಾಗಿ ಮೇಲೇರುತ್ತದೆ.

ಇನ್ನೊಂದು ವಿಷಯ ಅವರ ಮಾತಿನಲ್ಲೇ ಬಂತು. "ಮುಖ ತೊಳೆಯೋವಾಗ ತೂರಾಡ್ತೀನಿ." ಮುಖಕ್ಕೆ ನೀರು ಎರಚುವಾಗ ಕಣ್ಣು ಮುಚ್ಚುತ್ತೇವಲ್ಲ. ಪಾದದಿಂದ ಸುದ್ದಿ ಬಾರದವರು ಕಣ್ಣಿನ ನೆರವಿನಿಂದಲೇ ನಿಂತಿರುತ್ತಾರೆ. ಕಣ್ಣು ಮುಚ್ಚಿದರೆ ಆ ಆಧಾರವೂ ಹೋಗುತ್ತದೆ. ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿಸಿದೆ. ನಾಲ್ಕು ಸೆಕೆಂಡಿನಲ್ಲಿ ವಾಲಿದರು. ಹಿಡಿದುಕೊಂಡೆ.

ಸಕ್ಕರೆ ಇದೆ ಅಂತ ಹುಡುಕಾಟ ನಿಲ್ಲಿಸಬಾರದು

ಸಕ್ಕರೆ ಕಾಯಿಲೆ ಇದ್ದವರಿಗೆ ಪಾದ ಮರಗಟ್ಟಿದರೆ ಎಲ್ಲರೂ ಸಕ್ಕರೆಯತ್ತಲೇ ಬೆರಳು ತೋರಿಸುತ್ತಾರೆ. ಬಹಳ ಸಲ ಅದು ಸರಿಯೂ ಹೌದು, ಯಾಕೆಂದರೆ ಇದಕ್ಕೆ ಅತಿ ಸಾಮಾನ್ಯ ಕಾರಣ ಅದೇ. ಆದರೆ ಸಕ್ಕರೆ ಇದ್ದವರಿಗೆ ಬೇರೆ ಕಾರಣವೂ ಸೇರಿಕೊಂಡಿರಬಹುದು: ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಮೂತ್ರಪಿಂಡದ ತೊಂದರೆ, ಮದ್ಯ, ಕುಷ್ಠ, ಕೆಲವು ಕ್ಯಾನ್ಸರ್ ಔಷಧಿಗಳು, ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ರಕ್ತದಲ್ಲಿ ಅಸಹಜ ಪ್ರೋಟೀನ್. ಎಷ್ಟೋ ಜನರಲ್ಲಿ ಎಲ್ಲ ಹುಡುಕಿದರೂ ಕಾರಣ ಸಿಗುವುದಿಲ್ಲ ಅನ್ನುವುದೂ ನಿಜ.

ಇವರಲ್ಲಿ ನನಗೆ ಬಿ12 ಕೊರತೆಯ ಅನುಮಾನ ಹುಟ್ಟಿಸಿದ್ದು ಕಂಪನ ಇಷ್ಟು ಪೂರ್ತಿ ಹೋಗಿದ್ದು, ತೂರಾಟ ಇಷ್ಟು ಜಾಸ್ತಿ ಇದ್ದದ್ದು, ಜೊತೆಗೆ ಆ ಎರಡು ಮಾತ್ರೆಗಳು. ಮೆಟ್‌ಫಾರ್ಮಿನ್ ಹಲವು ವರ್ಷ ತೆಗೆದುಕೊಂಡರೆ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು, ಅದನ್ನು ಇನ್ನೊಂದು ಮಾತ್ರೆ ತಗ್ಗಿಸುತ್ತದೆ. ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ಬಿ12 ಸಂಗ್ರಹ ಇರುತ್ತದೆ, ಹಾಗಾಗಿ ಕೊರತೆ ಸದ್ದಿಲ್ಲದೆ ಬರುತ್ತದೆ. 2022ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇಂಥ ಲಕ್ಷಣ ಕಂಡರೆ ಬಿ12 ನೋಡಿ ಎಂದು ವೈದ್ಯರಿಗೆ ಸೂಚನೆ ಕೊಟ್ಟಿತು.

ನರರೋಗ ತಜ್ಞರ ಬಳಿ ಕಳಿಸಿದೆ. ಅವರು ಮಾಡಿಸಿದ ಪರೀಕ್ಷೆಗಳಲ್ಲಿ ಥೈರಾಯ್ಡ್, ಮೂತ್ರಪಿಂಡ, ಪ್ರೋಟೀನ್ ಎಲ್ಲ ಸರಿ ಇತ್ತು. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 8.6. ಬಿ12 ಮಾತ್ರ ಮಿಲಿಲೀಟರಿಗೆ 168 ಪಿಕೋಗ್ರಾಂ. ಸಾಮಾನ್ಯವಾಗಿ 200ಕ್ಕಿಂತ ಕೆಳಗೆ ಇದ್ದರೆ ಕೊರತೆ ಎನ್ನುತ್ತಾರೆ. ನರ ವಹನ ಪರೀಕ್ಷೆಯಲ್ಲಿ ಕಾಲಿನ ಸ್ಪರ್ಶ ನರಗಳಿಂದ ಉತ್ತರವೇ ಬರಲಿಲ್ಲ.

"ರಕ್ತ ಚೆನ್ನಾಗಿದೆ ಅಂದಿದ್ರಲ್ಲಾ ಸಾರ್?" ಎಂದು ಮಗಳು ಕೇಳಿದರು. ಹಿಮೋಗ್ಲೋಬಿನ್ ಚೆನ್ನಾಗಿಯೇ ಇತ್ತು. ಆದರೆ ರಕ್ತಹೀನತೆ ಇಲ್ಲದೆಯೂ ಬಿ12 ಕೊರತೆಯಿಂದ ನರ ಹಾಳಾಗುತ್ತದೆ. ಬಿ12 ನೋಡದೆ ಫೋಲಿಕ್ ಆಸಿಡ್ ಮಾತ್ರ ಕೊಟ್ಟರೆ ಇನ್ನೂ ಕಷ್ಟ. ರಕ್ತ ಸುಧಾರಿಸುತ್ತದೆ, ಒಳಗೆ ನರ ಹಾಳಾಗುತ್ತಲೇ ಇರುತ್ತದೆ.

ತಜ್ಞರು 1000 ಮೈಕ್ರೋಗ್ರಾಂ ಬಿ12 ಇಂಜೆಕ್ಷನ್ ಶುರು ಮಾಡಿದರು. ಮೊದಲು ದಿನ ಬಿಟ್ಟು ದಿನ, ಆಮೇಲೆ ಅಂತರ ಹೆಚ್ಚಿಸಿದರು. ಮೆಟ್‌ಫಾರ್ಮಿನ್ ನಿಲ್ಲಿಸಲಿಲ್ಲ, ಅದರ ಅಗತ್ಯ ಇತ್ತು. ಸಕ್ಕರೆಯನ್ನು ನಿಧಾನವಾಗಿ ಇಳಿಸಿದರು. ಮೂರು ತಿಂಗಳಲ್ಲಿ ಎಚ್‌ಬಿಎ1ಸಿ ಎರಡು ಅಂಕಕ್ಕಿಂತ ಜಾಸ್ತಿ ಧಡಕ್ಕನೆ ಇಳಿದರೆ ಕೆಲವರಿಗೆ ಹೊಸದಾಗಿ ಭಯಂಕರ ಉರಿ ಶುರುವಾಗುವುದುಂಟು. ಇವರದು 7.3ಕ್ಕೆ ಬರಲು ಒಂಬತ್ತು ತಿಂಗಳು ಹಿಡಿಯಿತು.

ಅಷ್ಟರಲ್ಲಿ ಅವರು ಮಾಡಿಕೊಂಡಿದ್ದು

ಪರಿಹಾರಕ್ಕಾಗಿ ಅವರು ಪಟ್ಟ ಪಾಡು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದರು. ಬಿಸಿ ಗೊತ್ತಾಗದ್ದರಿಂದ ಇನ್ನೂ ಬಿಸಿ ಹಾಕಿಸಿಕೊಳ್ಳುತ್ತಿದ್ದರು. ಒಮ್ಮೆ ಬೊಬ್ಬೆ ಎದ್ದಿತ್ತು. ಇದನ್ನು ಓದುವವರಲ್ಲಿ ಯಾರ ಪಾದಕ್ಕಾದರೂ ಸ್ಪರ್ಶ ಕಮ್ಮಿ ಇದ್ದರೆ, ದಯವಿಟ್ಟು ಬಿಸಿನೀರಿನ ತೊಟ್ಟಿ, ಬಿಸಿ ಚೀಲ, ಹೀಟರ್ ಪಾದದ ಹತ್ತಿರ ತರಬೇಡಿ. ಸ್ನಾನದ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ, ಇಲ್ಲವೇ ಬೇರೆಯವರಿಂದ ನೋಡಿಸಿ.

ಕೆಂಪು ಬೆಳಕಿನ ಯಂತ್ರವೊಂದನ್ನೂ ಕೊಂಡಿದ್ದರು. ನರ ಮತ್ತೆ ಬೆಳೆಯುತ್ತದೆ ಎಂದು ಮಾರಿದವರು ಹೇಳಿದ್ದರಂತೆ. ಇನ್ಫ್ರಾರೆಡ್ ಬೆಳಕಿನ ಇಂಥ ಚಿಕಿತ್ಸೆಯನ್ನು ನಕಲಿ ಯಂತ್ರದ ಜೊತೆ ಹೋಲಿಸಿ ಪರೀಕ್ಷಿಸಿದ್ದಾರೆ. ಚೆನ್ನಾಗಿ ನಡೆಸಿದ ಪ್ರಯೋಗಗಳಲ್ಲಿ ಸ್ಪರ್ಶದ ವಿಷಯದಲ್ಲಿ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಮಸಾಜ್ ಬಗ್ಗೆ ನನ್ನ ಆಕ್ಷೇಪವಿಲ್ಲ. ಮೆಲ್ಲಗೆ ತಿಕ್ಕಿಸಿಕೊಂಡರೆ ಅವರಿಗೆ ಹಿತ ಅನಿಸುತ್ತಿತ್ತು. ಮಗಳ ಕೈ ಪಾದದ ಮೇಲೆಲ್ಲ ಓಡುವುದರಿಂದ ಗಾಯವಿದ್ದರೆ ಕಣ್ಣಿಗೂ ಬೀಳುತ್ತದೆ.

ಬಿ12 ಕೊರತೆ ಗೊತ್ತಾದ ಮೇಲೆ ಇನ್ನೊಂದು ಅಪಾಯ ತಪ್ಪಿತು. ಇಂಜೆಕ್ಷನ್ ಸಾಲದು ಅಂತ ಅವರೇ ಎರಡು ಬಗೆಯ ನರದ ವಿಟಮಿನ್ ಮಾತ್ರೆ ಶುರು ಮಾಡಿಕೊಂಡಿದ್ದರು. ಡಬ್ಬಿ ತಿರುಗಿಸಿ ಓದಿದರೆ ಎರಡರಲ್ಲೂ ಬಿ6 ಇತ್ತು. ಬಿ6 ಜಾಸ್ತಿಯಾದರೆ ಅದೇ ಪಾದ ಮರಗಟ್ಟಿಸುತ್ತದೆ. 1983ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವರದಿಯಲ್ಲಿ ದಿನಕ್ಕೆ ಗ್ರಾಂಗಟ್ಟಲೆ ಬಿ6 ನುಂಗಿ ನಡೆಯಲಾಗದಂತಾದ ಏಳು ಜನರ ವಿವರ ಇತ್ತು. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ದೊಡ್ಡವರಿಗೆ ದಿನದ ಮೇಲ್ಮಿತಿಯನ್ನು 12 ಮಿಲಿಗ್ರಾಂಗೆ ಇಳಿಸಿತು. ವಿಟಮಿನ್ ಅಲ್ವಾ, ಏನಾಗುತ್ತೆ ಅನ್ನುವ ಧೈರ್ಯ ಇಲ್ಲಿ ಬೇಡ. ತಜ್ಞರು ಎರಡನ್ನೂ ನಿಲ್ಲಿಸಿದರು.

ಕಣ್ಣು ಮತ್ತು ಕೈಗೆ ಹೊಸ ಕೆಲಸ

ನರ ಮತ್ತೆ ಬೆಳೆಯುವುದು ಎಲ್ಲ ಅನುಕೂಲವಾಗಿದ್ದರೂ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮೀನಖಂಡದಿಂದ ಬೆರಳಿಗೆ ಇರುವ ದೂರ ಲೆಕ್ಕ ಹಾಕಿ. ಅಷ್ಟು ಕಾಲ ಪಾದವನ್ನು ಕಾಯುವವರು ಯಾರು?

ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಪಾಲ್ ಬ್ರಾಂಡ್ ಮುಖ್ಯರು. ವೆಲ್ಲೂರಿನಲ್ಲಿ ಕುಷ್ಠ ರೋಗಿಗಳ ಕೈಕಾಲಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಅವರು, ಬೆರಳು ತಾನಾಗಿ ಉದುರುವುದಿಲ್ಲ, ನೋವಿಲ್ಲದ್ದರಿಂದ ಮತ್ತೆ ಮತ್ತೆ ಪೆಟ್ಟಾಗಿ ಸವೆಯುತ್ತದೆ ಎಂದು ತೋರಿಸಿಕೊಟ್ಟರು. ಮುಂದೆ ಅಮೆರಿಕದಲ್ಲಿ ಸಕ್ಕರೆ ರೋಗಿಗಳ ಪಾದಕ್ಕೂ ಅದೇ ತಿಳಿವಳಿಕೆ ಬಳಸಿದರು. ನಾವು ತುಂಬ ದೂರ ನಡೆದಾಗ ಗೊತ್ತಿಲ್ಲದೆಯೇ ಹೆಜ್ಜೆ ಬದಲಿಸುತ್ತೇವೆ, ಕುಂಟುತ್ತೇವೆ. ಸ್ಪರ್ಶ ಇಲ್ಲದವರು ಅದೇ ಜಾಗದ ಮೇಲೆ ಅದೇ ಭಾರ ಹಾಕುತ್ತಲೇ ಇರುತ್ತಾರೆ. ಹುಣ್ಣಾಗುವ ಮೊದಲು ಆ ಜಾಗ ಬಿಸಿಯಾಗುತ್ತದೆ. ಎರಡೂ ಪಾದದ ಅದೇ ಜಾಗಗಳ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಉಳಿದರೆ ಎಚ್ಚರಿಕೆ ಎಂದು ಆಮೇಲಿನ ಅಧ್ಯಯನಗಳು ಹೇಳಿದವು.

ಮಗಳಿಗೆ ಪಾದ ನೋಡುವುದನ್ನು ಕಲಿಸಿದೆ. ಅವರಿಗೂ ಕನ್ನಡಿ ಇಟ್ಟು ಕಲಿಸಿದೆ. ಪ್ರತಿ ರಾತ್ರಿ ಅಂಗಾಲು, ಹಿಮ್ಮಡಿ, ಬೆರಳ ಸಂದಿ. ತಿಳಿ ಬಣ್ಣದ ಕಾಲುಚೀಲ ಮಾತ್ರ, ಯಾಕೆಂದರೆ ರಕ್ತ, ಕೀವು ಅದರಲ್ಲಿ ಕಾಣುತ್ತದೆ. ಶೂ ಹಾಕುವ ಮೊದಲು ಒಳಗೆ ಕೈ ಆಡಿಸಿ ನೋಡಬೇಕು. ಮನೆಯೊಳಗೂ ಬರಿಗಾಲು ಬೇಡ. ಬೆರಳ ಸಂದಿ ಬಿಟ್ಟು ಉಳಿದೆಡೆ ಕ್ರೀಮು. ಆಣಿಯನ್ನು ಬ್ಲೇಡಿನಿಂದ ಕೆರೆಯಬಾರದು, ಆಣಿ ಕರಗಿಸುವ ಔಷಧಿಯನ್ನೂ ಹಚ್ಚಬಾರದು.

ಶೂ ವಿಷಯಕ್ಕೆ ನಮ್ಮಿಬ್ಬರ ನಡುವೆ ನಿಜಕ್ಕೂ ವಾದ ನಡೆಯಿತು. ಅವರು ಆರಿಸಿದ್ದು ಒಂದು ಅಳತೆ ಚಿಕ್ಕದು. "ಇದಾದ್ರೆ ಹಿಡಿದುಕೊಂಡಂಗೆ ಗೊತ್ತಾಗುತ್ತೆ ಕಣಪ್ಪಾ, ಆ ದೊಡ್ಡದು ಹಾಕಿದ್ರೆ ಏನೂ ಹಾಕಿಲ್ಲ ಅನ್ಸುತ್ತೆ." ಸ್ಪರ್ಶ ಕಮ್ಮಿಯಾದ ತುಂಬಾ ಜನ ಹೀಗೇ ಮಾಡುತ್ತಾರೆ. ಬಿಗಿಯಾದದ್ದು ಮಾತ್ರ ಅವರಿಗೆ ಗೊತ್ತಾಗುತ್ತದೆ, ಹಾಗಾಗಿ ಅದೇ ಸರಿ ಅನಿಸುತ್ತದೆ. ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆದು, ಅದರ ಮೇಲೆ ಅವರು ಆರಿಸಿದ ಶೂ ಇಟ್ಟು ತೋರಿಸಿದೆ. ಎರಡೂ ಬದಿಯಲ್ಲಿ ಪಾದದ ಗೆರೆ ಹೊರಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ದೊಡ್ಡದನ್ನು ತೆಗೆದುಕೊಂಡರು. ಉದ್ದನೆಯ ಬೆರಳಿನ ಮುಂದೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಜಾಗ, ಮುಂಭಾಗ ಅಗಲ, ಕಟ್ಟಿಕೊಳ್ಳಲು ಪಟ್ಟಿ. ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ ಮಾತ್ರ ಹಾಕಿ, ಬಿಚ್ಚಿದ ಕೂಡಲೇ ಪಾದ ನೋಡಿದೆವು.

ಹೊಲಿಗೆ ಬಿಡಿ ಎಂದು ಮನೆಯವರು ಹೇಳುತ್ತಿದ್ದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಅವರ ಕೈ ಪೂರ್ತಿ ಚೆನ್ನಾಗಿದೆ, ಕೆಲಸದಲ್ಲಿ ಅವರ ಜೀವವಿದೆ. ಪೆಡಲ್ ಬದಲು ಕೈಗುಂಡಿಯಿಂದ ಓಡುವ, ನಿಲ್ಲುವ ಯಂತ್ರಕ್ಕೆ ಬದಲಾಯಿಸಿದೆವು. ಹೊಲಿಯುವಾಗ ಗಟ್ಟಿ ತಳದ ಮುಚ್ಚಿದ ಶೂ. ಕೆಲಸ ಮುಗಿದ ಮೇಲೆ ನೆಲದ ಮೇಲೆಲ್ಲ ಅಯಸ್ಕಾಂತ ಓಡಿಸಬೇಕು. ಮೊದಲ ದಿನವೇ ಅದಕ್ಕೆ ಏಳು ಗುಂಡುಸೂಜಿ ಅಂಟಿಕೊಂಡವು.

ಸಮತೋಲನದ ವ್ಯಾಯಾಮ ವಾರಕ್ಕೆ ಐದು ದಿನ. ಗಟ್ಟಿ ಮೇಜು ಹಿಡಿದು ಪಾದ ಜೋಡಿಸಿ ನಿಲ್ಲುವುದು, ಆಮೇಲೆ ಒಂದರ ಮುಂದೆ ಒಂದು, ಆಮೇಲೆ ತಲೆ ಅತ್ತಿತ್ತ ತಿರುಗಿಸುತ್ತಾ. ಕುರ್ಚಿಯಿಂದ ಕೈ ಊರದೆ ಏಳುವುದು. ಹಿಂದೆ ಸ್ಪರ್ಶ ಇಲ್ಲದವರು ಜಾಸ್ತಿ ನಡೆಯಬಾರದು ಎನ್ನುತ್ತಿದ್ದರು. ಈಗ ಸರಿಯಾದ ಶೂ ಹಾಕಿ, ಪಾದ ನೋಡಿಕೊಳ್ಳುತ್ತಾ, ಹಂತಹಂತವಾಗಿ ನಡೆದರೆ ಹುಣ್ಣು ಹೆಚ್ಚುವುದಿಲ್ಲ ಎಂದು ತಿಳಿದಿದೆ. ಇವರು ಹತ್ತು ನಿಮಿಷದಿಂದ ಶುರು ಮಾಡಿ ನಲವತ್ತಕ್ಕೆ ಬಂದರು. ರಾತ್ರಿ ಹಾಸಿಗೆ ಪಕ್ಕ ದೀಪ, ಮುಖ ತೊಳೆಯುವ ಜಾಗದಲ್ಲಿ ಹಿಡಿಗಂಬಿ.

ಕೆಲವು ಲಕ್ಷಣ ಕಂಡರೆ ಕಾಯದೆ ಬನ್ನಿ ಎಂದು ಬರೆದುಕೊಟ್ಟಿದ್ದೆ. ಮರಗಟ್ಟುವಿಕೆ ಕೆಲವೇ ದಿನದಲ್ಲಿ ಮೇಲೇರುವುದು, ಕಾಲು ಸೋಲುವುದು, ಒಂದೇ ಕಡೆ ಹಠಾತ್ತನೆ ಆಗುವುದು, ಮಲಮೂತ್ರದ ಹಿಡಿತ ತಪ್ಪುವುದು. ಮತ್ತೊಂದು, ನೋವಿಲ್ಲದೆ ಪಾದ ಕೆಂಪಾಗಿ, ಬಿಸಿಯಾಗಿ ಊದುವುದು. ಅದು ಒಳಗೆ ಮೂಳೆ ಕುಸಿಯುವ ಶಾರ್ಕೊ ಪಾದ ಇರಬಹುದು. ಅದರ ಮೇಲೆ ಒಂದು ಹೆಜ್ಜೆಯೂ ಇಡಬಾರದು.

14 ತಿಂಗಳ ನಂತರ

ಇರುವೆ ಹರಿಯುವ ಅನುಭವ ಮೂರನೇ ತಿಂಗಳಿಗೇ ತಗ್ಗಿತ್ತು. ಆರನೇ ತಿಂಗಳಲ್ಲಿ ಕಣ್ಣು ಮುಚ್ಚಿ 20 ಸೆಕೆಂಡು ನಿಂತರು. ಮರಗಟ್ಟಿದ ಗಡಿ ಮೀನಖಂಡದಿಂದ ಗಿಣ್ಣಿನವರೆಗೆ ಇಳಿಯಿತು. ಮೊನೊಫಿಲಮೆಂಟ್ ಈಗ ಬಲಗಾಲಿನಲ್ಲಿ ಐದು ಕಡೆ, ಎಡಗಾಲಿನಲ್ಲಿ ಆರು ಕಡೆ ಗೊತ್ತಾಗುತ್ತದೆ. ಬೆರಳುಗಳಲ್ಲಿ ಇನ್ನೂ ಇಲ್ಲ. ಸಕ್ಕರೆಯಿಂದ ಆದ ಪಾಲು ಅಲ್ಲಿ ಉಳಿದಿದೆ ಎಂದು ತಜ್ಞರ ಅಭಿಪ್ರಾಯ. ಬಿ12 ಕೊರತೆ ಇನ್ನೂ ಬೇಗ ಸಿಕ್ಕಿದ್ದರೆ ಇನ್ನಷ್ಟು ಮರಳುತ್ತಿತ್ತು ಎಂದು ನನಗೆ ಅನಿಸುತ್ತದೆ. ಎರಡು ವರ್ಷ ಹೋಗಿಬಿಟ್ಟಿತ್ತು.

ಈ ನಡುವೆ ಹೊಸ ಗಾಯ ಒಂದೇ ಒಂದು. ಹನ್ನೊಂದನೇ ತಿಂಗಳಲ್ಲಿ ಎಡ ಕಿರುಬೆರಳ ಪಕ್ಕ ಸಣ್ಣ ಗುಳ್ಳೆ. ಕನ್ನಡಿಯಲ್ಲಿ ಅವರೇ ನೋಡಿದ್ದರು, ಅದೇ ರಾತ್ರಿ. ಮರುದಿನ ಬೆಳಿಗ್ಗೆ ಬಂದು ತೋರಿಸಿದರು. ಶೂವಿನ ಒಳಹೊಲಿಗೆ ಒಂದು ಕಡೆ ಬಿಚ್ಚಿ ಎದ್ದಿತ್ತು.

"ಬೆರಳಿಗೆ ಗೊತ್ತಾಗ್ಲಿಲ್ಲ," ಎಂದರು, ಗುಳ್ಳೆ ತೋರಿಸುತ್ತಾ. "ಕಣ್ಣಿಗೆ ಗೊತ್ತಾಯ್ತು." ಗುಳ್ಳೆ ಒಡೆಯದೆ ಪಟ್ಟಿ ಕಟ್ಟಿ ಕಳಿಸಿದೆ. ಶೂವಿನ ಹೊಲಿಗೆಯನ್ನು ಅವರೇ ಬಿಚ್ಚಿ ಹೊಸದಾಗಿ, ಒಳಗೆ ಒತ್ತದಂತೆ ಹಾಕಿಕೊಂಡರು. ಒಂಬತ್ತು ದಿನಕ್ಕೆ ಚರ್ಮ ಕೂಡಿತು.